ಜೇಬಿನಲ್ಲಿದ್ದ ಪೆನ್ನು

ಮಗಳು ಬಿಸ್ಸಮ್‌ಕಟಕ್ ಅಂದಾಗ ನಾನು ಒಡಿಶಾದ ಕಟಕ್ ಅಂತಲೇ ತಿಳಿದಿದ್ದೆ. ದೊಡ್ಡ ಊರು, ಪರವಾಗಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ಮ್ಯಾಪ್ ತೆಗೆದು ನೋಡಿದರೆ ಆ ಕಟಕ್ ಎಲ್ಲೋ, ಇದು ಎಲ್ಲೋ. ಒಡಿಶಾದಲ್ಲೇ, ಆದರೆ ರಾಯಗಡ ಜಿಲ್ಲೆ, ನಿಯಮಗಿರಿ ಬೆಟ್ಟದ ಕಡೆ. ಮಂಗಳೂರಿನಿಂದ ಬೆಂಗಳೂರು, ಅಲ್ಲಿಂದ ಆಂಧ್ರದ ವಿಜಯನಗರಂ, ಅಲ್ಲಿ ರೈಲು ಬದಲಿಸಿ ರಾಯಪುರದ ಕಡೆ ಹೋಗುವ ಲೈನು. ಮೂರನೇ ದಿನ ಇಳಿದಾಗ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ.

ಅವಳು ನರ್ಸ್. ಅಲ್ಲಿಯ ಮಿಷನ್ ಆಸ್ಪತ್ರೆ ಸೇರಿ ಎಂಟು ತಿಂಗಳಾಗಿತ್ತು. ಅದಕ್ಕೆ ಮೊದಲೇ ಅರ್ಜಿ ಹಾಕಿದ್ದ ಇಂಗ್ಲೆಂಡಿನ ಒಂದು ಆಸ್ಪತ್ರೆಯಿಂದ ಈಗ ಕೆಲಸದ ಪತ್ರ ಬಂದಿತ್ತು. ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಸಹಿ ಒಂದೇ ಬಾಕಿ. ಫೋನಿನಲ್ಲಿ ಕೇಳಿದರೆ "ಬೇಡಪ್ಪ" ಅಂದಳು. ಯಾಕೆ ಅಂದರೆ, "ಇಲ್ಲಿ ಜನ ಸಾಲೋದಿಲ್ಲ" ಅಂತ ಅಷ್ಟೇ. ಸುಮ್ನೆ ನೋಡಿಕೊಂಡು ಬರ್ತೀನಿ ಅಂತ ಮನೆಯಲ್ಲಿ ಹೇಳಿ ಹೊರಟೆ. ಪತ್ರವನ್ನು ಪ್ರಿಂಟ್ ಮಾಡಿಸಿ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡಿದ್ದೆ. ಹೆಂಡತಿಗೆ ಗೊತ್ತಿತ್ತು. ಅದನ್ನು ಮಡಚಿ ಕೊಟ್ಟವಳೇ ಅವಳು.

ನಮ್ಮದು ಬಾಸೆಲ್ ಮಿಷನ್ ಕಾಲದ ಮನೆತನ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಆ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದಿಳಿದ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ನಮ್ಮ ಅಜ್ಜನ ಅಜ್ಜ ದೀಕ್ಷಾಸ್ನಾನ ತೆಗೆದುಕೊಂಡ ದಿನವೇ ಮನೆಯಿಂದ ಹೊರಬಿದ್ದವರಂತೆ. ಗದ್ದೆಯ ಪಾಲು ಹೋಯಿತು, ಬಾವಿಯ ನೀರೂ ಹೋಯಿತು. ಹೀಗೆ ಬೀದಿಗೆ ಬಿದ್ದವರಿಗೆ ಒಂದು ದಾರಿಯಾಗಲಿ ಅಂತಲೇ ಮಿಷನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆಯಿತು. ನಮ್ಮ ಮನೆಯಲ್ಲಿ ಎರಡು ತಲೆಮಾರು ಆ ಹೆಂಚಿನ ಮಣ್ಣು ತುಳಿದವರೇ. ನಾನು ಬ್ಯಾಂಕ್ ಸೇರಿದೆ. ಪಿಂಚಣಿ, ಎಫ್‌ಡಿ, ಸ್ವಂತ ಮನೆ ಎಲ್ಲ ಆಯಿತು. ಎಲ್ಲ ಕಳೆದುಕೊಂಡವರ ಮೊಮ್ಮಗನ ಮೊಮ್ಮಗ ನಾನು. ಆದರೆ ಬಡ್ಡಿ ಕಾಲು ಪರ್ಸೆಂಟ್ ಇಳಿದರೂ ನನಗೆ ನಿದ್ದೆ ಬರುವುದಿಲ್ಲ.

"ಮೊದಲು ದೇವರ ರಾಜ್ಯಕ್ಕಾಗಿ ತವಕಪಡಿರಿ" ಅಂತ ಸಭಾಪಾಲಕರು ಓದುತ್ತಾರೆ, ನಾವು ಆಮೆನ್ ಅನ್ನುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಯಾರ ಮಗನಿಗೆ ಆಸ್ಟ್ರೇಲಿಯಾದಲ್ಲಿ ಕಾಯಂ ಇರಲು ಪಿಆರ್ ಸಿಕ್ಕಿತು ಅಂತ ಮಾತಾಡುತ್ತೇವೆ. ತವಕ ಅನ್ನುವ ಆ ಮಾತು ನಮಗೆ ಜಾಸ್ತಿ ಅರ್ಥವಾಗುವುದು ಆ ಅಂಗಳದಲ್ಲೇ.

ಅವಳ ಕೋಣೆ ನೋಡಿದೆ. ಒಂದು ಮಂಚ, ಸೊಳ್ಳೆಪರದೆ, ಕಿಟಕಿಯ ಹತ್ತಿರ ಒಣಗಲು ಹಾಕಿದ ಯೂನಿಫಾರ್ಮ್. ಗೋಡೆಯ ಮೇಲೆ ನಮ್ಮ ಸಭೆಯ ಕ್ಯಾಲೆಂಡರ್, ಎರಡು ತಿಂಗಳಿಂದ ಹಾಳೆ ತಿರುಗಿಸಿರಲಿಲ್ಲ. ಮನೆಯಲ್ಲಿ ಅವಳಿಗೆ ಎಸಿ ಹಾಕಿಸಿದ್ದು ನೆನಪಾಗಿ ಸಿಟ್ಟೇ ಬಂತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

1954ರಲ್ಲಿ ಡೆನ್ಮಾರ್ಕಿನ ಎಲಿಜಬೆತ್ ಮ್ಯಾಡ್ಸನ್ ಅನ್ನುವ ಡಾಕ್ಟರು ಈ ಆಸ್ಪತ್ರೆ ಶುರು ಮಾಡಿದ್ದು ಅಂತ ಮಗಳು ಹೇಳಿದಳು. ನಾನು ಹೂಂ ಅಂದೆ. ಮನಸ್ಸೆಲ್ಲ ಒಳಜೇಬಿನಲ್ಲಿತ್ತು.

ಮರುದಿನ ಬೆಳಿಗ್ಗೆ ಮಕ್ಕಳ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಬೆಟ್ಟದಿಂದ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಲೇರಿಯಾ. ಆ ಕಡೆ ಬರುವುದು ನಮ್ಮಲ್ಲಿ ಎರಡು ದಿನ ನಡುಗಿಸಿ ಬಿಡುವಂಥ ಜ್ವರವಲ್ಲ, ರಕ್ತದ ಕೆಂಪು ಕಣಗಳನ್ನೇ ತಿಂದು ಹಾಕುವ ಜಾತಿ. ಮಗು ಅಳುತ್ತಲೂ ಇರಲಿಲ್ಲ. ನನ್ನ ಮಗಳು ಬಗ್ಗಿ ಅದರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿದಳು. ಒಳಗೆ ಕೆಂಪಗಿರಬೇಕಾದ ಜಾಗ ಸುಣ್ಣದ ಹಾಗೆ ಬೆಳ್ಳಗಿತ್ತು. ತಾಯಿಯ ಕಡೆ ತಿರುಗಿ ಏನೋ ಹೇಳಿದಳು. ಅದರಲ್ಲಿ ಒಂದು ಮಾತು ನನ್ನ ಕಿವಿಗೆ ಬಿತ್ತು, "ಕನು."

"ಅವಳಿಗೆ ಕನ್ನಡ ಬರುತ್ತಾ?" ಅಂತ ಆಮೇಲೆ ಕೇಳಿದೆ.

ಮಗಳು ನಕ್ಕಳು. "ಅದು ಕುವಿ, ಅಪ್ಪ. ಅವರ ಭಾಷೆ. ಕನು ಅಂದ್ರೆ ಕಣ್ಣು. ಕನ್ನಡದ ಕಡೆಯದೇ, ದೂರದ ನೆಂಟ." ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಕಲಿತ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿಟ್ಟಿದ್ದಳು. ನೋವು, ನೀರು, ಎಷ್ಟು ದಿನದಿಂದ, ಹೆದರಬೇಡ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಕನ್ನಡದಲ್ಲಿ ಕಾಗುಣಿತ ತಪ್ಪುತ್ತಿದ್ದ ಹುಡುಗಿ. ಇಲ್ಲೂ ತಪ್ಪಿದ್ದಳು, ಒಂದೆರಡು ಕಡೆ.

ನನಗೆ ನಮ್ಮ ಮಿಷನ್ನಿನ ಪಾದ್ರಿ ಕಿಟೆಲ್ ನೆನಪಾದರು. 1853ರಲ್ಲಿ ನಮ್ಮ ನಾಡಿಗೆ ಬಂದಾಗ 21 ವರ್ಷದ ಹುಡುಗ. 1894ರಲ್ಲಿ ಅವರ ಕನ್ನಡ ನಿಘಂಟು ಅಚ್ಚಾಗುವ ಹೊತ್ತಿಗೆ ಅರವತ್ತು ದಾಟಿತ್ತು. ಈ ಲೆಕ್ಕ ನನಗೆ ಬಾಯಿಪಾಠ. ಆದರೆ ಅವರ ಅಪ್ಪನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಅವರೂ ಪಾದ್ರಿಯೇ, ಹಾಗಾಗಿ ಬೇಡ ಅನ್ನಲು ಬಾಯಿ ಬಂದಿರಲಿಕ್ಕಿಲ್ಲ. ಆದರೂ ಹಡಗಿಗೆ ಹೊರಟ ಮಗನಿಗೆ ಏನು ಹೇಳಿ ಕಳಿಸಿದರೋ. ಎಲ್ಲವನ್ನೂ ಬಿಟ್ಟು ಹೋದವರ ಕಥೆ ಓದುವಾಗ ನಾವು ಹೋದವರ ಜೊತೆಗೇ ಹೋಗಿಬಿಡುತ್ತೇವೆ. ಜಗಲಿಯಲ್ಲಿ ನಿಂತವರ ಕಡೆ ತಿರುಗಿ ನೋಡುವವರು ಯಾರೂ ಇಲ್ಲ. ಕರೆ ಬಂದಿದ್ದು ಇವಳಿಗೆ, ನನ್ನನ್ನು ಯಾರೂ ಕೇಳಲಿಲ್ಲವಲ್ಲ ಅನ್ನುವ ನೋವು ನನಗೆ ಈಗಲೂ ಇದೆ. ಎರಡು ವರ್ಷ ಇಂಗ್ಲೆಂಡಿನಲ್ಲಿ ದುಡಿದು ಆಮೇಲೆ ಬಂದಿದ್ದರೆ ದೇವರ ರಾಜ್ಯ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ ಅಂತಲೂ ಅನ್ನಿಸುತ್ತದೆ. ಅವಳಿಗೆ ಹೇಳಿದೆ ಕೂಡ. "ಆಮೇಲೆ ಬರ್ತೀನಿ ಅಂದವರು ಯಾರು ಬಂದಿದ್ದಾರೆ, ಹೇಳು?" ಅಂದಳು. ನನಗೆ ಒಂದು ಹೆಸರೂ ಹೊಳೆಯಲಿಲ್ಲ.

ಅಂದು ಸಂಜೆ ಅವಳಿಗೆ ಡ್ಯೂಟಿ ಇತ್ತು. ಮಗುವಿಗೆ ರಕ್ತ ಕೊಡುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಝಿಪ್ ಎಳೆದೆ, ಮತ್ತೆ ಹಾಕಿದೆ. ಪಕ್ಕದಲ್ಲಿದ್ದ ಮುದುಕ ಬೀಡಿ ಇದೆಯಾ ಅಂತ ಸನ್ನೆ ಮಾಡಿದ. ಇಲ್ಲ ಅಂತ ಕೈ ಆಡಿಸಿದೆ.

ಮೂರು ದಿನ ಬಿಟ್ಟು ಊರು ಮುಟ್ಟಿದೆ. ಹೆಂಡತಿ ನೀರು ಕೊಟ್ಟಳು. ಹೇಗಿದ್ದಾಳೆ, ಸಣ್ಣ ಆಗಿದ್ದಾಳಾ, ಊಟಕ್ಕೆ ಏನು ಕೊಡ್ತಾರೆ ಅಂತೆಲ್ಲ ಕೇಳಿದಳು. ಕೊನೆಗೆ ಬ್ಯಾಗಿನ ಒಳಜೇಬಿಗೆ ಕೈ ಹಾಕಿ, ಮಡಿಕೆಯೂ ಬಿಚ್ಚದ ಕಾಗದವನ್ನು ಹೊರಗೆ ತೆಗೆದಳು.

"ಸಹಿ?"

"ಪೆನ್ನು ಸಿಗಲಿಲ್ಲ" ಅಂದೆ.

ನನ್ನ ಅಂಗಿಯ ಜೇಬಿನಲ್ಲಿದ್ದ ಪೆನ್ನನ್ನು ಅವಳು ನೋಡಿದಳು. ಏನೂ ಅನ್ನದೆ ಒಳಗೆ ಹೋಗಿ ಬಂಗುಡೆಗೆ ಮಸಾಲೆ ಅರೆಯತೊಡಗಿದಳು.