‘ಗ್ಯಾಪ್ ಹೆಂಗ ಮುಚ್ಚೂದ್ರಿ?’

ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರಿನ ಸಣ್ಣಪುಟ್ಟ ಕಾರ್ಖಾನೆಗಳ ಪಗಾರ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಲೆಕ್ಕ ನೋಡುವ ನಮ್ಮಂಥವರನ್ನು ಜನ ಎಲ್ಲಿ ಸಿಕ್ಕರೂ ಬಿಡುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ, ಚಿಗರಿ ಬಸ್ಸಿನಲ್ಲಿ ಜೋತಾಡಿಕೊಂಡು ನಿಂತಾಗ, ಅದೇ ಪ್ರಶ್ನೆ: “ಸರ, ಮೂರು ವರ್ಷ ಗ್ಯಾಪ್ ಐತ್ರಿ. ಹೆಂಗ ಮುಚ್ಚೂದ್ರಿ?”

ಗ್ಯಾಪ್ ಅಂದರೆ ಕೆಲಸ ಇಲ್ಲದೆ ಖಾಲಿ ಕೂತ ಕಾಲ. ಅದನ್ನು ಮುಚ್ಚಲು ಬರುವುದಿಲ್ಲ. ಉತ್ತರ ಇಷ್ಟೇ. ಕಾರಣ ಬೇಕಾದವರು ಮುಂದೆ ಓದಿ.

ನಿಮ್ಮ ಯುಎಎನ್‌ನಲ್ಲಿ, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರಿನಲ್ಲಿ, ಸರ್ವಿಸ್ ಹಿಸ್ಟರಿ ಅಂತ ಒಂದು ಪುಟ ಇದೆ. ಯಾವ ಕಂಪನಿಗೆ ಯಾವ ತಾರೀಖಿಗೆ ಸೇರಿದಿರಿ, ಯಾವತ್ತು ಬಿಟ್ಟಿರಿ, ಎಲ್ಲ ಅಲ್ಲಿದೆ. ಪಾಸ್‌ಬುಕ್ ತೆಗೆದರೆ ಯಾವ ತಿಂಗಳು ದುಡ್ಡು ಬಿದ್ದಿದೆ, ಯಾವ ತಿಂಗಳು ಬಿದ್ದಿಲ್ಲ ಅಂತಲೂ ಕಾಣುತ್ತದೆ. ನೀವು ಕಾಕಾನ ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ‘2021ರಿಂದ 2024ರವರೆಗೆ ನಮ್ಮಲ್ಲಿ ಮ್ಯಾನೇಜರ್ ಆಗಿದ್ದರು’ ಅಂತ ಬರೆಸಿಕೊಂಡು ಬರುತ್ತೀರಿ. 20ಕ್ಕಿಂತ ಕಡಿಮೆ ಜನ ಇರುವ ಅಂಗಡಿಗೆ ಪಿಎಫ್ ಕಡ್ಡಾಯ ಇಲ್ಲ, ಒಪ್ಪಿದೆ. ಅಲ್ಲಿ ನಿಜವಾಗಿ ದುಡಿದವರೂ ಇರುತ್ತಾರೆ. ಹಾಗಾದರೆ ಪಗಾರ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ ಅಂತ ಕಂಪನಿ ಕೇಳುತ್ತದೆ. ಅಲ್ಲಿಗೆ ಕಾಕಾ ಸಿಕ್ಕಿಬೀಳುತ್ತಾನೆ. ಗ್ಯಾಪ್ ನೋಡಿ ಕೆಲಸ ಕೊಡದವರು ಕೆಲವರು ಇರಬಹುದು, ಖೊಟ್ಟಿ ಲೆಟರ್ ನೋಡಿದ ಮೇಲೆ ಕೊಡುವವರು ಯಾರೂ ಇಲ್ಲ. “ನೀವ ಒಂದ್ ಲೆಟರ್ ಕೊಡ್ರಲ್ಲ ಸರ” ಅನ್ನುವವರಿಗೂ ಸೇರಿಸಿ ಹೇಳುತ್ತಿದ್ದೇನೆ: ಕೊಡುವುದಿಲ್ಲ. ಸೊಕ್ಕು ಅನ್ನಿ ಬೇಕಾದರೆ.

ಇನ್ನೊಂದು ಜಾತಿಯ ಪ್ರಶ್ನೆ ಇದೆ, ಅದು ಅಪ್ಪಂದಿರದು. “ನಮ್ಮ ಹುಡುಗ ಸ್ವಲ್ಪ ದಿನ ಖಾಲಿ ಕುಂತಿದ್ದ...” ಹುಡುಗನಿಗೆ ಮೂವತ್ತನಾಲ್ಕು ವರ್ಷ, ಪಕ್ಕದಲ್ಲೇ ನಿಂತಿರುತ್ತಾನೆ, ಬಾಯಿ ಬಿಡುವುದಿಲ್ಲ. ಕಂಪನಿಯವರಿಗೆ ಆ ಮೂರು ವರ್ಷಕ್ಕಿಂತ ಈ ಮೂರು ನಿಮಿಷ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಸಂದರ್ಶನದಲ್ಲಿ ಕೂತವರಿಗೆ ನೀವು ಯಾಕೆ ಮನೆಯಲ್ಲಿದ್ದಿರಿ ಅನ್ನುವ ಕುತೂಹಲ ಕಡಿಮೆ. ಅವರ ಚಿಂತೆ ಒಂದೇ: ಇವ ಎರಡು ತಿಂಗಳಿಗೆ ಮತ್ತೆ ಬಿಟ್ಟು ಹೋಗುತ್ತಾನೋ? ಅದಕ್ಕೆ ಬಯೋಡೇಟಾದಲ್ಲಿ ಒಂದು ಸಾಲು ಸಾಕು, ತಿಂಗಳು ಮತ್ತು ಇಸವಿ ಸಮೇತ. ‘ಜೂನ್ 2021ರಿಂದ ಮಾರ್ಚ್ 2025: ತಂದೆಯ ಆರೈಕೆ.’ ಬಾಯಲ್ಲಿ ಹೇಳುವಾಗ ಅದರ ಎರಡನೇ ಅರ್ಧ ಸೇರಿಸಿ, ಈಗ ಯಾರು ನೋಡಿಕೊಳ್ಳುತ್ತಾರೆ ಅಂತ. ಮಗು ಸಣ್ಣದಿತ್ತು ಅಂದರೆ, ಈಗ ಶಾಲೆ ಎಷ್ಟಕ್ಕೆ ಬಿಡುತ್ತದೆ, ಕರೆತರುವವರು ಯಾರು. ಗದಗದಿಂದ ಓಡಾಡುತ್ತೇನೆ ಅಂದರೆ, ಯಾವ ಗಾಡಿ ಹಿಡಿದು ಎಷ್ಟು ಗಂಟೆಗೆ ಗೇಟಿನಲ್ಲಿ ಇರುತ್ತೀರಿ. ಇಷ್ಟು ಹೇಳಿದವರನ್ನು ಮುಂದೆ ಕೆದಕುವವರು ಕಡಿಮೆ.

ಧಾರವಾಡದವರ ಗ್ಯಾಪ್ ಬೇರೆ ತರಹದ್ದು. ಸಪ್ತಾಪುರದ ಕೋಚಿಂಗ್ ಸೆಂಟರುಗಳಲ್ಲಿ ಕಳೆದ ವರ್ಷಗಳನ್ನು ‘ಏನೂ ಮಾಡಿಲ್ರಿ’ ಅಂತ ತಲೆ ತಗ್ಗಿಸಿ ಹೇಳುತ್ತಾರೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಈ ಗ್ಯಾಪು ನಿಮ್ಮದಲ್ಲ, ಸರ್ಕಾರದ್ದು, ಹಾಗೇ ಹೇಳಿ. ಆದರೆ ಮಾಲೀಕರು ಕೇಳುವುದು ಮುಂದಿನ ನೋಟಿಫಿಕೇಶನ್ ಬಂದರೆ ಏನು ಮಾಡುತ್ತೀರಿ ಅಂತ. ‘ಬರೆಯುತ್ತೇನೆ, ಆಯ್ಕೆ ಆದರೆ ನೋಟಿಸ್ ಪೀರಿಯಡ್ ಮುಗಿಸಿ ಹೋಗುತ್ತೇನೆ’ ಅನ್ನುವುದು ಮರ್ಯಾದಸ್ಥರ ಉತ್ತರ. ‘ಇನ್ನ ಜನ್ಮದಾಗ ಬರಿಯಂಗಿಲ್ರಿ’ ಅಂದರೆ ಯಾರೂ ನಂಬುವುದಿಲ್ಲ.

ಗ್ಯಾಪಿನ ಮಾತು ಇಲ್ಲಿಗೆ ಸಾಕು. ಯಾರೂ ಕೇಳದ, ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ‘ನಾ ಖಾಲಿ ಕುಂತಾಗ ನನ್ನವು ಯಾವ್ಯಾವು ಬಂದ್ ಬಿದ್ದಾವ?’

ಮೊದಲು ಬಂದ್ ಬೀಳುವುದು ಸಿಮ್. ದುಡ್ಡಿಲ್ಲದ ಕಾಲದಲ್ಲಿ ಎರಡನೇ ನಂಬರಿಗೆ ರೀಚಾರ್ಜ್ ಮಾಡುವುದನ್ನು ಬಿಟ್ಟಿರುತ್ತೀರಿ. ಬಿಟ್ಟ ನಂಬರನ್ನು ಕಂಪನಿ ಕೆಲವು ತಿಂಗಳಲ್ಲಿ ಬೇರೆಯವರಿಗೆ ಕೊಟ್ಟುಬಿಡುತ್ತದೆ. ಆಧಾರಿಗೆ ಜೋಡಿಸಿದ್ದು ಅದೇ ನಂಬರಾಗಿದ್ದರೆ ನಿಮ್ಮ ಒಟಿಪಿ ಯಾವನೋ ಅಪರಿಚಿತನ ಫೋನಿಗೆ ಹೋಗುತ್ತಿರುತ್ತದೆ. ಇದೊಂದು ಸರಿಯಾಗದೆ ಪಿಎಫ್ ಇಲ್ಲ, ಬ್ಯಾಂಕ್ ಕೆವೈಸಿ ಇಲ್ಲ, ಏನೂ ಇಲ್ಲ. ಆಧಾರ್ ಕೇಂದ್ರಕ್ಕೆ ನೀವೇ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಿಸಿಕೊಳ್ಳಿ. ಶುಲ್ಕ 75 ರೂಪಾಯಿ. ಆಫರ್ ಲೆಟರ್ ಬಂದ ಮೇಲಲ್ಲ, ಅರ್ಜಿ ಹಾಕಲು ಶುರು ಮಾಡಿದ ವಾರದಲ್ಲೇ ಇದನ್ನು ಮುಗಿಸಿ.

ಎರಡನೆಯದು ಬ್ಯಾಂಕ್ ಖಾತೆ. ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಬ್ಯಾಂಕಿನವರು ಹಾಕಿದ ಬಡ್ಡಿ ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ. ಕೆವೈಸಿ ಕೊಟ್ಟು ಚಾಲೂ ಮಾಡಿಸಿ, ಅದಕ್ಕೆ ಬ್ಯಾಂಕು ದುಡ್ಡು ಕೇಳುವಂತಿಲ್ಲ. ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇದೆ: ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ಕ್ಕೆ ವಿಲೀನವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಸೇರಿದೆ. ಹಳೇ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟು ಪಗಾರ ಬರಲಿಲ್ಲ ಅಂತ ತಕರಾರು ಮಾಡುವ ಮೊದಲು ಶಾಖೆಗೆ ಹೋಗಿ ಈಗಿನ ಐಎಫ್‌ಎಸ್‌ಸಿ (ಶಾಖೆಯ ಕೋಡ್) ಬರೆಸಿಕೊಂಡು ಬನ್ನಿ.

ಮೂರನೆಯದೇ ದೊಡ್ಡ ಗಂಟು: ಹಳೇ ಕಂಪನಿ ನೀವು ಬಿಟ್ಟ ತಾರೀಖನ್ನು ಪಿಎಫ್‌ನಲ್ಲಿ ಹಾಕಿರುವುದಿಲ್ಲ. ಪೋರ್ಟಲ್ಲಿನ ಪ್ರಕಾರ ನೀವು ಇನ್ನೂ ಅಲ್ಲೇ ದುಡಿಯುತ್ತಿದ್ದೀರಿ. ಹಳೇ ದುಡ್ಡು ಹೊಸ ಖಾತೆಗೆ ವರ್ಗ ಆಗುವುದಿಲ್ಲ. ಇದಕ್ಕೆ ಹಳೇ ಮಾಲೀಕರ ಕೈಕಾಲು ಹಿಡಿಯುವುದು ಬೇಡ. ಕೊನೆಯ ಕಂತು ಬಿದ್ದು ಎರಡು ತಿಂಗಳು ದಾಟಿದ್ದರೆ ನೀವೇ ಹಾಕಬಹುದು. ಯುಎಎನ್‌ನಲ್ಲಿ ಲಾಗಿನ್ ಆಗಿ ‘ಮ್ಯಾನೇಜ್’, ಅದರೊಳಗೆ ‘ಮಾರ್ಕ್ ಎಕ್ಸಿಟ್’, ಹಳೇ ಪಿಎಫ್ ನಂಬರ್ ಆರಿಸಿ, ತಾರೀಖು ಮತ್ತು ಕಾರಣ ತುಂಬಿ, ಆಧಾರ್ ಒಟಿಪಿ ಕೊಡಿ. ಕೊನೆಯ ಕಂತು ಯಾವ ತಿಂಗಳಿನದೋ ಆ ತಿಂಗಳೊಳಗಿನ ತಾರೀಖನ್ನೇ ಹಾಕಬೇಕು. ಒಮ್ಮೆ ಒತ್ತಿದ ಮೇಲೆ ಅದನ್ನು ಅಲ್ಲೇ ತಿದ್ದಲು ಬರುವುದಿಲ್ಲ, ಆದ್ದರಿಂದ ಮೊದಲು ಪಾಸ್‌ಬುಕ್ ತೆರೆದು ನೋಡಿಕೊಳ್ಳಿ.

ಹೆಸರಿನ ತಂಟೆ ನಮ್ಮ ಜಿಲ್ಲೆಗಳಲ್ಲಿ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕೊನೆಗೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಒಂದೇ ಅಕ್ಷರ. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಮತ್ತೊಂದು ಹೆಸರು. ಮೊದಲು ಆಧಾರ್ ಸರಿ ಮಾಡಿ, ಆಮೇಲೆ ಉಳಿದದ್ದನ್ನು ಅದಕ್ಕೆ ಹೊಂದಿಸಿ. ಯುಎಎನ್ 2017ರ ಅಕ್ಟೋಬರ್ 1ರ ನಂತರ ಆಧಾರ್ ಮೇಲೆ ಸಿಕ್ಕದ್ದಾದರೆ ಹೆಸರು, ಜನ್ಮದಿನಾಂಕವನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಆನ್‌ಲೈನಿನಲ್ಲೇ ತಿದ್ದಬಹುದು.

ಹೊಸ ಯುಎಎನ್ ಮಾಡಿಸಿಬಿಡ್ರಿ ಅಂತ ದಯವಿಟ್ಟು ಕೇಳಬೇಡಿ. ಅದರ ಹಿಂದಿನ ಆಸೆ ಗೊತ್ತು. 2025ರ ಆಗಸ್ಟ್ 1ರಿಂದ ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಕೇಂದ್ರ ಸರ್ಕಾರ 15,000 ರೂಪಾಯಿವರೆಗೆ ಕೊಡುತ್ತಿದೆ, ಎರಡು ಕಂತಿನಲ್ಲಿ. ನಿಮಗೆ ಹಿಂದೆ ಪಿಎಫ್ ಇತ್ತು, ನೀವು ಮೊದಲ ಸಲದವರಲ್ಲ. ಆಧಾರ್ ಹಾಕಿದ ಕೂಡಲೇ ಹಳೇ ನಂಬರ್ ಎದ್ದು ಕೂರುತ್ತದೆ. ಇಎಸ್‌ಐ ನಂಬರೂ ಹಾಗೆಯೇ, ಜೀವನಕ್ಕೆ ಒಂದು. ಹಳೇ ಕಾರ್ಡು ಹುಡುಕಿ ತನ್ನಿ.

ಸೇರುವ ದಿನ ಫಾರ್ಮ್ 11 ಕೊಡುತ್ತಾರೆ. ‘ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ’, ‘ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಾ’ ಅಂತ ಎರಡು ಬೇರೆ ಪ್ರಶ್ನೆ ಇರುತ್ತವೆ. ಅವಸರದಲ್ಲಿ ಎರಡಕ್ಕೂ ‘ಇಲ್ಲ’ ಎಂದು ಗುರುತು ಹಾಕುವವರೇ ಬಹಳ. 2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಹೆಚ್ಚಿನ ಮೂಲ ಪಗಾರಕ್ಕೆ ಹೊಸದಾಗಿ ಸೇರಿದವರಿಗೆ ಪಿಂಚಣಿ ಇಲ್ಲ, ಹಳೇ ಸದಸ್ಯರಿಗೆ ಮುಂದುವರಿಯುತ್ತದೆ. ಆ ಒಂದು ‘ಇಲ್ಲ’ದಿಂದ ನಿಮ್ಮನ್ನು ಹೊಸಬರ ಸಾಲಿಗೆ ತಳ್ಳಿರುತ್ತಾರೆ, ಅದು ಗೊತ್ತಾಗುವುದು ವರ್ಷಗಳ ಮೇಲೆ. ಪಿಂಚಣಿಗೆ ಬೇಕಾದದ್ದು ಒಟ್ಟು ಹತ್ತು ವರ್ಷದ ಸರ್ವಿಸ್. ನಡುವೆ ಬಿಡುವು ಇದ್ದರೂ ಹಿಂದಿನದು, ಮುಂದಿನದು ಕೂಡುತ್ತದೆ. ಖಾಲಿ ಇದ್ದಾಗ ಫಾರ್ಮ್ 10ಸಿ ಹಾಕಿ ಪಿಂಚಣಿ ದುಡ್ಡು ತೆಗೆದುಬಿಟ್ಟಿದ್ದರೆ ಮಾತ್ರ ಆ ವರ್ಷಗಳು ಹೋದವು. ಅದೇ ಫಾರ್ಮಿನಲ್ಲಿ ದುಡ್ಡಿನ ಬದಲು, ಆ ವರ್ಷಗಳನ್ನು ಕಾಯ್ದಿಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದಿತ್ತು. ಸೈಬರ್ ಸೆಂಟರಿನವನು ಅದನ್ನು ಹೇಳುವುದಿಲ್ಲ, ಅವನಿಗೆ ಬೇಕಾದದ್ದು ನಿಮ್ಮ ಕ್ಲೇಮಿನ ಕಮಿಷನ್. ‘ಮೂರು ವರ್ಷ ಆದ್ರ ಬಡ್ಡಿ ನಿಲ್ತೈತಿ, ತಗದುಬಿಡು’ ಅನ್ನುವುದೂ ಅಂಥವರ ಮಾತೇ. 55 ದಾಟದವರು ಕೆಲಸ ಬಿಟ್ಟು ಕೂತರೂ ಪಿಎಫ್ ಹಣಕ್ಕೆ 58 ತುಂಬುವವರೆಗೆ ಬಡ್ಡಿ ಬರುತ್ತದೆ. 2024-25ಕ್ಕೆ ಅದು ಶೇ. 8.25 ಇತ್ತು.

ಕಾಗದದ ಹೊರಗೆ ಬಂದ್ ಬೀಳುವುದು ಕೆಲಸದ ಕೈ. ಅಮರಗೋಳ ಎಪಿಎಂಸಿಯಲ್ಲೋ ದುರ್ಗದಬೈಲಿನಲ್ಲೋ ಲೆಕ್ಕ ಬರೆದು 2020ರಲ್ಲಿ ಬಿಟ್ಟವರು ‘ನನಗ ಟ್ಯಾಲಿ ಪೂರಾ ಬರ್ತೈತಿ’ ಅನ್ನುತ್ತಾರೆ. ನಿಮಗೆ ಬರುವುದು ಆ ಲೆಕ್ಕದ ಸಾಫ್ಟ್‌ವೇರಿನ ಹಳೇ ಆವೃತ್ತಿ, ಇಆರ್‌ಪಿ 9. ಈಗ ಎಲ್ಲ ಕಡೆ ಟ್ಯಾಲಿ ಪ್ರೈಮ್ ಇದೆ, ಮೆನು ಬೇರೆ, ಕೀಗಳು ಬೇರೆ. ಅದನ್ನು ನಾಲ್ಕು ದಿನದಲ್ಲಿ ಕಲಿಯಬಹುದು. ಜಿಎಸ್‌ಟಿ ನಾಲ್ಕು ದಿನಕ್ಕೆ ಬಗ್ಗುವುದಿಲ್ಲ. 2022ರಿಂದ, ಖರೀದಿ ಬಿಲ್ಲು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಕಾಣದಿದ್ದರೆ ಅದರ ತೆರಿಗೆ ಜಮೆ ಸಿಗುವುದಿಲ್ಲ. ಐದು ಕೋಟಿ ದಾಟಿದ ವಹಿವಾಟಿಗೆ 2023ರ ಆಗಸ್ಟಿನಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್ಲಿನಲ್ಲಿ ದಾಖಲಿಸಿದ ಬಿಲ್ಲು) ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ದರಗಳೇ ತಿರುಗಿದವು: ಸಿಮೆಂಟ್ 28ರಿಂದ 18ಕ್ಕೆ, ಟ್ರ್ಯಾಕ್ಟರ್ 12ರಿಂದ 5ಕ್ಕೆ. ಸಂದರ್ಶನದಲ್ಲಿ ಸಾಹುಕಾರರು ಕೈಗೆ ನಾಲ್ಕು ಬಿಲ್ಲು ಕೊಟ್ಟು ಹಾಕಿ ತೋರಿಸು ಅನ್ನುತ್ತಾರೆ. ಹಳೇ ದರ ಹಾಕಿದ ಕೈ ಅಲ್ಲೇ ಗೊತ್ತಾಗುತ್ತದೆ. ಹೋಗುವ ಮೊದಲು ಪರಿಚಯದ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಒಂದು ತಿಂಗಳ ರಿಟರ್ನ್ ಅವಧಿ, ಅಂದರೆ 1ರಿಂದ 20ರವರೆಗೆ, ಪುಕ್ಕಟೆಯಾದರೂ ಕೂತು ಬನ್ನಿ.

ಲೇಥ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಆಪರೇಟರುಗಳಿಗೆ ಒಂದೇ ಮಾತು. ನಲವತ್ತು ದಾಟಿದ್ದರೆ ಮೊದಲು ಕಣ್ಣು ತೋರಿಸಿ. ಟ್ರೇಡ್ ಟೆಸ್ಟಿನಲ್ಲಿ ಮೈಕ್ರೋಮೀಟರ್ ಕೊಟ್ಟು ಶಾಫ್ಟನ್ನು ಮೂರು ಕಡೆ ಅಳೆಯಲು ಹೇಳುತ್ತಾರೆ. ಕೈಗೆ ಕೆಲಸ ಮರೆತಿರುವುದಿಲ್ಲ, ಅದರ ತಿರುಗಿಸುವ ಭಾಗ ತಿಂಬಲ್ ಮೇಲಿನ ಗೆರೆ ಕಾಣುವುದಿಲ್ಲ, 0.01 ಮಿ.ಮೀ.ಗೆ ಬದಲು 0.03 ಓದುತ್ತಾರೆ. ಹತ್ತಿರದ ಕನ್ನಡಕ ಇಲ್ಲದ್ದಕ್ಕೆ ಕೆಲಸ ಹೋಗುತ್ತದೆ, ಬೈಗುಳ ಗ್ಯಾಪಿಗೆ ಬೀಳುತ್ತದೆ.

ಪಗಾರ ಮಾತಾಡುವಾಗ ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು, ಕೇಳಿ ಕುಣಿಯಬೇಡಿ. ಒಂದು ಲೆಕ್ಕ ಹಿಡಿಯಿರಿ. ಗ್ರಾಸ್ (ಕಡಿತಕ್ಕೆ ಮೊದಲಿನ ಪಗಾರ) 18,000, ಅದರಲ್ಲಿ ಬೇಸಿಕ್ (ಮೂಲ ಪಗಾರ) ಮತ್ತು ಡಿಎ (ತುಟ್ಟಿಭತ್ಯೆ) 15,000. ನಿಮ್ಮ ಪಿಎಫ್ ಶೇ. 12ರಂತೆ 1,800. ಇಎಸ್‌ಐ ಶೇ. 0.75ರಂತೆ 135. ವೃತ್ತಿ ತೆರಿಗೆ ಇಲ್ಲ, ಕರ್ನಾಟಕದಲ್ಲಿ ಅದು 25,000ದಿಂದ ಶುರು. ಕೈಗೆ 16,065. ಕಂಪನಿಗೆ ಆಗುವ ಖರ್ಚು ಬೇರೆ: ಪಿಎಫ್ 1,800 (ಇದರಲ್ಲಿ ಪಿಂಚಣಿಗೆ 1,250, ನಿಮ್ಮ ಖಾತೆಗೆ 550), ಆಡಳಿತ ಶುಲ್ಕ ಮತ್ತು ವಿಮೆ 150, ಇಎಸ್‌ಐ ಶೇ. 3.25ರಂತೆ 585. ಒಟ್ಟು 20,535. ಸಂದರ್ಶನದಲ್ಲಿ ‘ಇಪ್ಪತ್ತೂವರೆ ಸಾವಿರ’ ಅಂತ ಕೇಳಿಸಿಕೊಂಡು ಮನೆಯಲ್ಲಿ ಅದನ್ನೇ ಹೇಳಿದವರು ಮೊದಲ ಪಗಾರದ ದಿನ ನಮ್ಮ ಮೇಲೆ ಜಗಳಕ್ಕೆ ಬರುತ್ತಾರೆ. “ಕೈಗೆ ಎಷ್ಟು ಬರ್ತೈತ್ರಿ?” ಅಂತ ಅಲ್ಲೇ ಕೇಳಿ, ಅದರಲ್ಲಿ ಮರ್ಯಾದೆ ಹೋಗುವುದು ಏನಿಲ್ಲ.

ಯಾವ ತಾರೀಖಿಗೆ ಸೇರುತ್ತೀರಿ ಅನ್ನುವುದೂ ದುಡ್ಡಿನ ಪ್ರಶ್ನೆಯೇ. ಬಹಳ ಕಂಪನಿಗಳು ಹಾಜರಿಯನ್ನು 20 ಅಥವಾ 25ಕ್ಕೆ ಮುಚ್ಚುತ್ತವೆ. 24ಕ್ಕೆ ಸೇರಿದರೆ ಆ ದಿನಗಳು ಮುಂದಿನ ತಿಂಗಳ ಲೆಕ್ಕಕ್ಕೆ ಹೋಗಿ, ಮೊದಲ ದುಡ್ಡು ನೋಡಲು ಆರು ವಾರ ಆಗಬಹುದು. ಅಲ್ಲಿಯವರೆಗೆ ಬಸ್ ಪಾಸು, ಡಬ್ಬಿ, ಬೂಟು ಎಲ್ಲ ಕೈಯಿಂದ. ಆಯ್ಕೆ ಇದ್ದರೆ 1ಕ್ಕೆ ಸೇರಿ. ಯುವನಿಧಿ ಪಡೆಯುತ್ತಿದ್ದವರು ಆ ತಿಂಗಳಿಂದ ನಿರುದ್ಯೋಗದ ಸ್ವಯಂ ಘೋಷಣೆ ಕೊಡಬೇಡಿ, ಪಿಎಫ್ ದಾಖಲೆ ನೋಡಿದರೆ ಸಿಕ್ಕಿಬೀಳುತ್ತೀರಿ.

ಇಎಸ್‌ಐ ಡಾಕ್ಟರು, ಔಷಧ ಸೇರಿದ ದಿನದಿಂದ ಸಿಗುತ್ತದೆ. ಆದರೆ ರಜೆ ಹಾಕಿ ಮಲಗಿದ್ದಕ್ಕೆ ಬರುವ ಕಾಯಿಲೆ ಭತ್ಯೆ ಮೊದಲ ಸಲ ಇಎಸ್‌ಐಗೆ ಸೇರಿದವರಿಗೆ ಮೊದಲ ಒಂಬತ್ತು ತಿಂಗಳು ಇಲ್ಲ, ಆಮೇಲೂ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು.

ಪಿಎಫ್ ಕಟ್ಟಲು ಕಂಪನಿಗೆ ಮುಂದಿನ ತಿಂಗಳ 15ರವರೆಗೆ ಸಮಯ ಇದೆ. 25ರ ಸುಮಾರಿಗೆ ಪಾಸ್‌ಬುಕ್ ತೆರೆದು ನೋಡಿ. ಬಿದ್ದಿಲ್ಲ ಅಂದರೆ ಮೊದಲು ಲೆಕ್ಕದ ವಿಭಾಗದಲ್ಲಿ ಕೇಳಿ; ಅರ್ಧಕ್ಕರ್ಧ ಸಲ ಹೆಸರಿನ ತಪ್ಪಿನಿಂದ ತಡೆದಿರುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಆನ್‌ಲೈನಿನಲ್ಲಿ ಪಿಎಫ್‌ನ ದೂರು ಪೋರ್ಟಲ್ ಇಪಿಎಫ್‌ಐಜಿಎಂಎಸ್‌ಗೆ ದೂರು ಕೊಡಿ. ಗದಗ, ಹಾವೇರಿಯವರು ಇದೊಂದಕ್ಕೆ ನವನಗರದ ಪಿಎಫ್ ಆಫೀಸಿಗೆ ಬಸ್ ಹತ್ತಬೇಕಿಲ್ಲ. ಪ್ರತಿ ತಿಂಗಳ 27ಕ್ಕೆ ಜಿಲ್ಲೆಯಲ್ಲೇ ಪಿಎಫ್‌ನವರ ‘ನಿಧಿ ಆಪ್ಕೆ ನಿಕಟ್’ ಶಿಬಿರ ಇರುತ್ತದೆ. ಪಗಾರ ಚೀಟಿ, ಆಧಾರ್, ಯುಎಎನ್ ಮತ್ತು ಒಟಿಪಿ ಬರುವ ಆ ಫೋನು, ನಾಲ್ಕನ್ನೂ ತೆಗೆದುಕೊಂಡು ಹೋಗಿ.