ಅಯ್ಯನಕೆರೆಯಲ್ಲಿ ಗೆಂಡೆಗೆ ಗಾಳ: ಒಂದು ದಿನದ ತಯಾರಿ

ಚಿಕ್ಕಮಗಳೂರಿನಿಂದ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣಕ್ಕೆ ಬಂದರೆ ಅಯ್ಯನಕೆರೆ ಅಲ್ಲಿಂದ ಹತ್ತಿರ. ಸಖರಾಯಪಟ್ಟಣದವರೆಗೆ ಬಸ್ಸಿದೆ. ಆದರೆ ಗಾಳದ ಕೋಲು, ಹಿಂಡಿ, ಐಸ್ ಡಬ್ಬ ಹೊತ್ತು ಬರುವವರಿಗೆ ಸ್ವಂತ ಗಾಡಿಯೇ ಸಲೀಸು.

ಎಲ್ಲಕ್ಕಿಂತ ಮೊದಲು ಒಪ್ಪಿಗೆ ಪಡೆಯಿರಿ. ದೊಡ್ಡ ಕೆರೆಗಳ ಮೀನು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಬಿತ್ತನೆ ಮರಿಗೆ ದುಡ್ಡು ಹಾಕಿದವರನ್ನು ಕೇಳದೆ ಗಾಳ ಇಳಿಸುವುದು ತಪ್ಪು. ಗುತ್ತಿಗೆ ಯಾರದ್ದೆಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಹಿಡಿದದ್ದನ್ನು ಒಯ್ಯಲು ಕಿಲೋಗೆ ಎಷ್ಟೆಂದು ಹಿಂದಿನ ದಿನವೇ ಮಾತಾಡಿಕೊಳ್ಳಿ. ಮಳೆಗಾಲ ಬೇಡ. ವೇದಾ ಹೊಳೆಯ ಕೆನ್ನೀರು ಬಂದು ಸೇರುವಾಗ ಮೀನು ಚದುರುತ್ತದೆ, ದಡವೂ ಜಾರುತ್ತದೆ. ನೀರು ತಿಳಿಯಾದ ಮೇಲೆ, ಅಕ್ಟೋಬರ್ ಕೊನೆಯಿಂದ ಬನ್ನಿ.

ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ತಳದ ಕೆಸರು ಕೆದಕುವ ಮೀನುಗಳು. ದಡದಿಂದ ಗಾಳ ಹಾಕುವವರಿಗೆ ಗೆಂಡೆಯೇ ಸರಿ. ಹೊಸಬರು ಬಲ ಹಾಕಿ ದೂರಕ್ಕೆ ಎಸೆಯುತ್ತಾರೆ, ಅರ್ಧ ಗಂಟೆಗೊಮ್ಮೆ ಜಾಗ ಬದಲಿಸುತ್ತಾರೆ. ಗೆಂಡೆಗೆ ಅದು ಒಗ್ಗದು. ಹದಿನೈದಿಪ್ಪತ್ತು ಮೀಟರ್ ದೂರದ ಒಂದೇ ಜಾಗಕ್ಕೆ ಮೇವು ಹಾಕಿ, ಅಲ್ಲೇ ಕೂರಬೇಕು. ಗಾಳಿ ಯಾವ ದಡಕ್ಕೆ ಬಡಿಯುತ್ತಿದೆಯೋ ಆ ದಡ ಹಿಡಿಯಿರಿ, ತೇಲುವ ಆಹಾರ ಅಲ್ಲಿಗೆ ಬಂದು ಸೇರುತ್ತದೆ. ಏರಿಯ ಕಲ್ಲುಕಟ್ಟಣೆಯ ಬುಡ ಬೇಡ, ಸಂದಿಯಲ್ಲಿ ದಾರಕ್ಕೆ ಭಾರವಾಗಿ ಹಾಕಿದ ಸೀಸ ಸಿಕ್ಕಿಕೊಳ್ಳುತ್ತದೆ. ತೂಬಿನ ಹತ್ತಿರ, ಕೋಡಿಯ ಮೇಲೆ ಕಾಲಿಡಲೇಬೇಡಿ.

ಮೇವಿಗೆ ಕಡಲೆಕಾಯಿ ಹಿಂಡಿಯ ಪುಡಿ ಒಂದು ಕಿಲೋ, ಅಕ್ಕಿ ತೌಡು ಒಂದು ಕಿಲೋ, ನೂರು ಗ್ರಾಂ ಬೆಲ್ಲ. ಕೆರೆಯ ನೀರನ್ನೇ ಚಿಮುಕಿಸಿ ಕಲಸಿ. ಹಿಡಿದರೆ ಉಂಡೆಯಾಗಬೇಕು, ತಳ ಮುಟ್ಟಿದ ಮೇಲೆ ಒಡೆಯಬೇಕು. ನೀರು ಹೆಚ್ಚಾದರೆ ಗಟ್ಟಿ ಮುದ್ದೆಯಾಗಿ ಹಾಗೇ ಕೂರುತ್ತದೆ, ವಾಸನೆ ಹರಡುವುದಿಲ್ಲ. ಮೊದಲಿಗೆ ಕಿತ್ತಳೆ ಗಾತ್ರದ ಐದಾರು ಉಂಡೆ, ಆಮೇಲೆ ಗಂಟೆಗೆ ಒಂದೆರಡು ಸಾಕು. ಹೊಟ್ಟೆ ತುಂಬಿದ ಮೀನು ಗಾಳದ ಕಡೆ ತಿರುಗುವುದಿಲ್ಲ.

ಗಾಳಕ್ಕೆ ಗೋಧಿ ಹಿಟ್ಟು ಎಲ್ಲರೂ ಬಳಸುತ್ತಾರೆ. ಆದರೆ ಜಿಲೇಬಿ ಮೀನಿನ ಮರಿಗಳು ನಿಮಿಷದಲ್ಲಿ ಕಿತ್ತು ತಿಂದು ಖಾಲಿ ಮಾಡುತ್ತವೆ. ಮುಸುಕಿನ ಜೋಳದ ಒಣ ಕಾಳನ್ನು ಒಂದು ದಿನ ನೆನೆಸಿ, ಸಿಪ್ಪೆ ಬಿರಿಯುವವರೆಗೆ ಬೇಯಿಸಿ ತನ್ನಿ. ಗೆಂಡೆ ತಿನಿಸನ್ನು ಬಾಯಿಗೆ ಹೀರಿಕೊಂಡು, ಅನುಮಾನ ಬಂದರೆ ತಕ್ಷಣ ಉಗುಳುತ್ತದೆ. ಆದ್ದರಿಂದ ಕಾಳನ್ನು ಗಾಳಕ್ಕೆ ಚುಚ್ಚದೆ, ಗಾಳದ ಬಾಗಿನಿಂದ ಸಣ್ಣ ದಾರದಲ್ಲಿ ಎರಡು ಕಾಳು ನೇತಾಡುವಂತೆ ಕಟ್ಟಿ. ಉಗುಳುವಾಗ ಬರಿಯ ಮೊನೆ ತುಟಿಗೆ ಕಚ್ಚುತ್ತದೆ. ತಂಗೂಸಿ (ನೈಲಾನ್) ದಾರ 0.30ರಿಂದ 0.35 ಮಿ.ಮೀ., ಗಾಳ 6ನೇ ನಂಬರು, ದಾರದ ಮೇಲೆ ಸರಾಗ ಜಾರುವ 30 ಗ್ರಾಂ ಸೀಸ, ಸೀಸದಿಂದ ಗಾಳಕ್ಕೆ ಒಂದು ಗೇಣು.

ರೀಲಿನ ಬಿಗಿ ಸಡಿಲವಾಗಿರಲಿ. ಕೈಯಿಂದ ಎಳೆದರೆ ದಾರ ಬಿಚ್ಚಿಕೊಳ್ಳಬೇಕು. ಬಿಗಿ ಮಾಡಿಟ್ಟು ಊಟಕ್ಕೆ ಕೂತರೆ ಕೋಲೇ ನೀರಿಗೆ ಹೋಗುತ್ತದೆ. ತುದಿ ಸುಮ್ಮನೆ ಅದುರಿದರೆ ಮುಟ್ಟಬೇಡಿ. ದಾರ ಒಂದೇ ಸಮ ಓಡತೊಡಗಿದಾಗ ಕೋಲೆತ್ತಿ. ಮೊದಲ ಓಟವನ್ನು ತಡೆಯಬಾರದು, ತಡೆದರೆ ತುಟಿ ಹರಿಯುತ್ತದೆ, ಇಲ್ಲವೇ ದಾರ ತುಂಡಾಗುತ್ತದೆ. ಸುಸ್ತಾಗಿ ಮಗ್ಗುಲಾದ ಮೇಲೆ, ಮೊದಲೇ ಮುಳುಗಿಸಿಟ್ಟ ಕೈಬಲೆಯ ಮೇಲಕ್ಕೆ ತಲೆ ಮುಂದಾಗಿ ತನ್ನಿ. ಬೆನ್ನಿನ ರೆಕ್ಕೆಯ ಮೊದಲ ಮುಳ್ಳಿಗೆ ಗರಗಸದ ಹಲ್ಲಿದೆ. ಬಲೆಗೂ ಸಿಕ್ಕಿಕೊಳ್ಳುತ್ತದೆ, ಅಂಗೈಯನ್ನೂ ಸೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ.

ಅರ್ಧ ಕಿಲೋಗಿಂತ ಚಿಕ್ಕದನ್ನು ಕೈ ಒದ್ದೆ ಮಾಡಿಕೊಂಡು ನೀರಿಗೆ ಬಿಡಿ. ಒಯ್ಯುವುದನ್ನು ಬೇಗ ಕೊಂದು, ಕಿವಿರು, ಕರುಳು ತೆಗೆದು ಐಸಿಗೆ ಹಾಕಿ. ತಡವಾದಷ್ಟು ಮಾಂಸ ಮೆತ್ತಗಾಗುತ್ತದೆ. ಐಸನ್ನು ಚಿಕ್ಕಮಗಳೂರಿನಲ್ಲೇ ತುಂಬಿಸಿಕೊಳ್ಳಿ. ತೆಗೆದ ಕರುಳು, ತುಂಡಾದ ತಂಗೂಸಿ ಚೀಲದಲ್ಲಿ ವಾಪಸು ಬರಬೇಕು. ದಡಕ್ಕೆ ನೀರು ಕುಡಿಯಲು ಬರುವ ದನಗಳ ಕಾಲಿಗೆ ಆ ದಾರ ಸುತ್ತಿಕೊಂಡರೆ ಬಿಡಿಸುವುದು ಕಷ್ಟ.