ಹಾಲ್‌ನಿಂದ ಬಾಲ್ಕನಿಗೆ

"ಈ ಆಮೆ ದಿನಕ್ಕೆ ಎಷ್ಟು ದೂರ ನಡೀತಿತ್ತು?" ಅಂತ ಡಾಕ್ಟರಮ್ಮ ಕೇಳಿದರು. ಮಾವ ಹೆಮ್ಮೆಯಿಂದಲೇ, "ಇಡೀ ಮನೆ ಅದರದ್ದೇ ಮೇಡಂ. ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ" ಅಂದರು. ಸೋಮವಾರದಿಂದ ಈ ಉತ್ತರ ನನ್ನ ತಲೆಯಲ್ಲೇ ಓಡಾಡ್ತಿದೆ.

ನಕ್ಷತ್ರ ಆಮೆ ಸಾಕೋದು ಅಪರಾಧ ಅಂತ ಮಾವನಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬೋದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿರಲಿಕ್ಕಿಲ್ಲ, ಆದರೆ ನೆಂಟರು ಬಂದರೆ ಸಾಕು, ಆಮೆ ಬಚ್ಚಲು ಸೇರುತ್ತಿತ್ತಲ್ಲ! ಯಾರೋ ಅದೃಷ್ಟ ಅಂದರು ಅಂತ ತಂದವರು ಆರು ವರ್ಷ ಸೌತೆಕಾಯಿ, ಮೊಸರನ್ನ ತಿನ್ನಿಸಿದರು. ಕುರುಚಲು ಕಾಡಿನ ಒಣಹುಲ್ಲು ಮೇಯೋ ಜೀವಕ್ಕೆ ಮೊಸರನ್ನ.

ಮೂರು ವಾರದಿಂದ ಅದು ಏನೂ ಮುಟ್ಟಿರಲಿಲ್ಲ. ನೀರುನೀರು ಹಿಕ್ಕೆ, ಅದರಲ್ಲಿ ಬಿಳಿ ದಾರದ ಚೂರಿನಂಥ ಹುಳ. ಆಗ ನನಗೆ ಮಾವನ ಫೋನು: ಕೋವಿಡ್ ಕಾಲದ ಐವರ್ಮೆಕ್ಟಿನ್ ಅನ್ನೋ ಹುಳದ ಮಾತ್ರೆ ಉಳಿದಿದೆ, ಕಾಲುಭಾಗ ಕೊಡಲಾ? "ಕೇಳಿ ಕೊಡೋಣ" ಅಂದೆ. ಬುದ್ಧಿವಂತಿಕೆಯಿಂದಲ್ಲ, ಸೋಮಾರಿತನದಿಂದ. ಆ ಔಷಧ ಆಮೆಗಳಿಗೆ ಲಕ್ವ ಹೊಡೆಸಿ ಕೊಲ್ಲುತ್ತದಂತೆ. ಅದನ್ನು ಕೇಳಿದ ಮೇಲೂ ಮಾವ, "ಕಾಲುಭಾಗ ತಾನೇ" ಅಂದರು.

ವನ್ಯಜೀವಿ ಪುನರ್ವಸತಿ ಕೇಂದ್ರದಲ್ಲಿ ಮೈಕ್ರೋಸ್ಕೋಪಿನೊಳಗೆ ಬಗ್ಗಿ ನೋಡಿದೆ. ಒಂದು ಮಗ್ಗುಲು ಚಪ್ಪಟೆಯಾದ ಅಕ್ಕಿಕಾಳಿನಂಥ ಮೊಟ್ಟೆಗಳು, ಎಲ್ಲಿ ನೋಡಿದರೂ ಅವೇ. "ಹುಳ ಇರೋದೇ ರೋಗ ಅಲ್ಲ. ಕಾಡಿನ ಆಮೆಗೂ ಇರುತ್ತೆ. ಅದು ಹಿಕ್ಕೆ ಹಾಕಿ ಮುಂದಕ್ಕೆ ಹೋಗುತ್ತೆ, ಇದು ತಿರುಗಿ ಅಲ್ಲಿಗೇ ಬರುತ್ತೆ" ಅಂದರು ಡಾಕ್ಟರಮ್ಮ. ಈ ಹುಳಕ್ಕೆ ನಡುವೆ ಇನ್ನೊಂದು ಪ್ರಾಣಿ ಬೇಕಿಲ್ಲ. ನೆಲಕ್ಕೆ ಬಿದ್ದ ಮೊಟ್ಟೆ ಸೌತೆಕಾಯಿಗೆ ಅಂಟಿ ಮತ್ತೆ ಅದೇ ಹೊಟ್ಟೆಗೆ. ಸುತ್ತು ಸುತ್ತಿಗೂ ಹುಳ ಹೆಚ್ಚುತ್ತಾ ಹೋಗುತ್ತೆ.

ಫೆನ್‌ಬೆಂಡಜೋಲ್ ಅನ್ನೋ ಹುಳದ ಔಷಧ ಕೊಟ್ಟರು, ಎರಡು ವಾರ ಬಿಟ್ಟು ಇನ್ನೊಮ್ಮೆ. "ಹುಳ ಹೋದಮೇಲೆ ವಾಪಸ್ ಕೊಡ್ತೀರಾ?" ಅಂದರು ಮಾವ. ಆಕೆ ತಲೆಯೆತ್ತದೆ ಬರೆಯುತ್ತಲೇ ಇದ್ದರು.

ಮಾವನ ಮೇಲೆ ನನಗಿನ್ನೂ ಸಿಟ್ಟಿದೆ. ಆದರೆ ಆಮೆ ಮನೆಗೆ ಬಂದದ್ದು ಅತ್ತೆ ತೀರಿಕೊಂಡ ವರ್ಷ. ಆರು ವರ್ಷದಿಂದ ಅವರು ತಾನೇ ಎಲ್ಲಿಗೆ ಹೋಗಿದ್ದಾರೆ? ಹಾಲ್‌ನಿಂದ ಬಾಲ್ಕನಿಗೆ. ನಾನು ಹೋಗಿ ಕೂರುತ್ತಿದ್ದದ್ದು ಯುಗಾದಿಗೊಮ್ಮೆ, ಗೌರಿಹಬ್ಬಕ್ಕೊಮ್ಮೆ.

ನಿನ್ನೆ ಫೋನ್ ಮಾಡಿದೆ. ಫಿನಾಯಿಲ್ ಹಾಕಿ ನೆಲ ಒರೆಸ್ತಿದ್ದೀನಿ ಅಂದರು. ಬೆಳಗಿನಿಂದ ಮೂರನೇ ಸಲವಂತೆ.